ಇಟ್ಟಿಗೆ ತಾಮ್ರಗಳ ನಡುವೆ

"ಈ ಗೋಡೆ ಲೆಕ್ಕ ಹಾಕಿದ ಪುಣ್ಯಾತ್ಮರು ಯಾರು?"

ಅಲ್ದಿಯಾರ್ ಬಾಗಿಲು ತಟ್ಟಲಿಲ್ಲ. ಒಳಗೆ ಬಂದವನೇ ಹೆಲ್ಮೆಟ್ಟನ್ನು ನನ್ನ ಮೇಜಿನ ಮೇಲೆ ಕುಕ್ಕಿದ. ಅದರಿಂದ ಬೂದು ಧೂಳು ಎದ್ದು ನನ್ನ ಚಹಾದ ಲೋಟಕ್ಕೆ ಬಿತ್ತು.

"ನಾನೇ," ಎಂದೆ.

"ಗೊತ್ತು ಅತ್ತಿಗೆ. ನಿಮ್ಮ ಬಾಯಿಂದಲೇ ಕೇಳೋಣ ಅಂತ ಬಂದೆ. ನಿಮ್ಮ ಕಂಪ್ಯೂಟರ್ ಪ್ರಕಾರ ಇಟ್ಟಿಗೆ ತಣ್ಣಗೆ ಕೂತಿದೆ. ನನ್ನ ಅಳತೆಯಲ್ಲಿ ಅದು ನೂರಾ ನಲವತ್ತು ಡಿಗ್ರಿ ಜಾಸ್ತಿ ಕಾದಿದೆ. ನೂರಾ ನಲವತ್ತು! ಇದು ತಪ್ಪು ಲೆಕ್ಕ ಅಲ್ಲ, ಇದು ಬೇರೆ ಊರಿನ ಕುಲುಮೆ!"

"ನಿನ್ನ ಬಿಸಿ ಅಳೆಯೋ ತಂತಿ ಕೆಟ್ಟಿರಬೇಕು."

"ಆರು ತಂತಿ ಹಾಕಿದ್ದೆ. ಆರೂ ಒಟ್ಟಿಗೆ ಮಾತಾಡಿಕೊಂಡು ಕೆಟ್ಟವಾ?"

ಆಚೀಚೆ ಮೇಜುಗಳ ಸಹೋದ್ಯೋಗಿಗಳೆಲ್ಲ ನಮ್ಮತ್ತ ತಿರುಗಿದರು. ನನ್ನ ಗಂಡ ನುರ್ಕೆನ್ ಕಳೆದ ಚಳಿಗಾಲದ ಹಿಮಗಾಳಿಯಲ್ಲಿ, ಹೆದ್ದಾರಿಯಲ್ಲಿ, ಲಾರಿಯೊಂದರ ಕೆಳಗೆ ಸಿಕ್ಕಿ ಸತ್ತ. ಅಂದಿನಿಂದ ಆ ಕೋಣೆಯಲ್ಲಿ ಯಾರೂ ನನ್ನೊಡನೆ ದನಿ ಎತ್ತಿರಲಿಲ್ಲ. ಮಗು ಮಲಗಿರುವ ಮನೆಗೆ ಬಂದವರಂತೆ ನನ್ನ ಮೇಜಿನ ಹತ್ತಿರ ಬರುತ್ತಿದ್ದರು. ನಾನು ತಪ್ಪು ಮಾಡಿದರೆ ತಾವೇ ತಿದ್ದಿ, ಏನೂ ಆಗದವರಂತೆ ಹೋಗುತ್ತಿದ್ದರು.

"ಹೊರಗೆ ಹೋಗು," ಎಂದೆ. ನನ್ನ ದನಿ ನನಗೇ ದೊಡ್ಡದಾಗಿ ಕೇಳಿಸಿತು.

"ಹೋಗ್ತೀನಿ. ಹೆಲ್ಮೆಟ್ ಕೊಡಿ."

"ತಗೊಂಡು ಹೋಗು. ನಿನ್ನ ಧೂಳನ್ನೂ ತಗೊಂಡು ಹೋಗು."

ಅವನು ಲೋಟವನ್ನು ನೋಡಿದ. ನನ್ನನ್ನು ನೋಡಿದ. ಧೂಳು ಬಿದ್ದ ಚಹಾವನ್ನು ಎತ್ತಿ ಒಂದೇ ಉಸಿರಿಗೆ ಕುಡಿದು ಲೋಟ ಕೆಳಗಿಟ್ಟ.

"ತಗೊಂಡೆ," ಎಂದ. ಹೋದ.

ನನ್ನ ಕೈ ನಡುಗುತ್ತಿತ್ತು. ಸಿಟ್ಟಿನಿಂದ. ಆ ನಡುಕವನ್ನು ಬಹಳ ಹೊತ್ತು ನೋಡುತ್ತ ಕುಳಿತೆ. ನುರ್ಕೆನ್ ಹೋದ ಮೇಲೆ ನನ್ನ ಮೈಗೆ ಆದ ಮೊದಲ ಸಂಗತಿ ಅದು.

*

ನನ್ನ ಕೆಲಸ ಹೇಳಿದರೆ ಸಣ್ಣದು. ಲೋಹ ಕರಗಿಸುವ ಕುಲುಮೆಯ ಗೋಡೆಯಲ್ಲಿ ಒಳಗೆ ಬೆಂಕಿ ತಡೆಯುವ ಇಟ್ಟಿಗೆ, ಅದರ ಬೆನ್ನಿಗೆ ನೀರು ಹರಿಯುವ ತಾಮ್ರದ ಫಲಕ. ಆ ಗೋಡೆಯನ್ನು ಕಂಪ್ಯೂಟರಿನಲ್ಲಿ ಸಾವಿರಾರು ಚೂರುಗಳಾಗಿ ಒಡೆದು, ಪ್ರತಿ ಚೂರು ಎಷ್ಟು ಕಾಯುತ್ತದೆ, ಎಷ್ಟು ಹಿಗ್ಗುತ್ತದೆ, ಎಲ್ಲಿ ಬಿರುಕು ಬಿಡುತ್ತದೆ ಎಂದು ಲೆಕ್ಕ ಹಾಕಬೇಕು. ಚೂರುಗಳೊಳಗಿನ ಲೆಕ್ಕ ಯಾರಿಗಾದರೂ ಬರುತ್ತದೆ. ಕಷ್ಟವಿರುವುದು ಎರಡು ವಸ್ತುಗಳು ತಾಗುವ ಜಾಗದಲ್ಲಿ. ಅಲ್ಲಿ ನಾನು ಎಲ್ಲರೂ ಮಾಡುವುದನ್ನೇ ಮಾಡಿದ್ದೆ: ಇಟ್ಟಿಗೆ ಮತ್ತು ತಾಮ್ರ ಒಂದಕ್ಕೊಂದು ಬೆಸೆದುಕೊಂಡಿವೆ, ಎಂದೂ ಬಿಡುವುದಿಲ್ಲ ಎಂದು ಬರೆದಿದ್ದೆ. ಹಾಗೆ ಬರೆದರೆ ಲೆಕ್ಕ ಸಲೀಸಾಗಿ ಮುಗಿಯುತ್ತದೆ.

ಅಲ್ದಿಯಾರ್ ಆ ಕುಲುಮೆಯ ಅಳತೆಗಳನ್ನು ನೋಡಿಕೊಳ್ಳುವ ಇಂಜಿನಿಯರ್. ನುರ್ಕೆನ್‌ನ ತಮ್ಮ. ನನಗಿಂತ ಒಂದು ವರ್ಷ ದೊಡ್ಡವನು, ಆದರೂ ನನಗೆ ಮೈದುನ. ನಮ್ಮಲ್ಲಿ ಗಂಡನ ಮನೆಯವರ ಹೆಸರನ್ನು ಸೊಸೆ ಅವರೆದುರು ಹೇಳುವ ಹಾಗಿಲ್ಲ. ಮದುವೆಯಾಗಿ ಬಂದ ಹೊಸತರಲ್ಲೇ ಒಬ್ಬೊಬ್ಬರಿಗೂ ಒಂದು ಹೆಸರು ಇಟ್ಟುಕೊಳ್ಳಬೇಕು. ನಾನು ಇವನಿಗೆ ಇಟ್ಟದ್ದು ಜೋರುಬಾಯಿ. ನುರ್ಕೆನ್ ಅದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ. ಅಣ್ಣ ಸತ್ತ ಮೇಲೆ ಜೋರುಬಾಯಿ ಕಾರ್ಖಾನೆಯ ಹಾಸ್ಟೆಲ್ ಸೇರಿದ. ಮನೆಯಲ್ಲಿ ನಾನು ಮತ್ತು ಅತ್ತೆ ಬಾತಿಮಾ ಉಳಿದೆವು. ಅವನು ಭಾನುವಾರ ಊಟಕ್ಕೆ ಬರುತ್ತಿದ್ದ.

ಆ ವಾರ ಅತ್ತೆ ಚಹಾಕ್ಕೆ ಹಾಲು ಬೆರೆಸುತ್ತ, ಬಟ್ಟಲಿನಿಂದ ಕಣ್ಣೆತ್ತದೆ ಹೇಳಿದರು:

"ದೊಡ್ಡಪ್ಪ ಫೋನ್ ಮಾಡಿದ್ರು. ಚಳಿ ಶುರುವಾಗೋ ಮೊದಲೇ ನುರ್ಕೆನ್‌ನ ವರ್ಷದೂಟ ಮುಗಿಸೋಣ ಅಂದ್ರು. ಊಟಕ್ಕೆ ಕಡಿಯೋಕೆ ಕುದುರೆನೂ ನೋಡಿದಾರಂತೆ."

"ಸರಿ ಅತ್ತೆ."

"ಆಮೇಲೆ ನೀನು ಕಪ್ಪು ಶಾಲು ಬಿಚ್ಚಬಹುದು."

"ಸರಿ."

"ಆಮೇಲೆ... ನಮ್ಮ ಚಿಕ್ಕವನು ಇದ್ದಾನಲ್ಲ. ಒಲೆ ಆರೋದು ಬೇಡ ಅಂತಾರೆ ಎಲ್ಲರೂ. ಅಣ್ಣ ಸತ್ತರೆ ತಮ್ಮ ಕೈ ಹಿಡಿಯೋದು ಮೊದಲಿಂದ ನಡೆದು ಬಂದದ್ದು. ಬಲವಂತ ಏನಿಲ್ಲಮ್ಮ, ನಿನ್ನ ಕೇಳ್ತಾರೆ."

ಕೇಳುತ್ತಾರಂತೆ. ನುರ್ಕೆನ್‌ನ ಚರ್ಮದ ಕೋಟು ಆಗಲೇ ತಮ್ಮನ ಮೈಮೇಲಿತ್ತು. ಕೈಗಡಿಯಾರವೂ ಅವನ ಕೈಯಲ್ಲಿತ್ತು. ನನ್ನನ್ನೂ ಅದೇ ಗೂಟಕ್ಕೆ ತೂಗುಹಾಕಿ, ವರ್ಷ ತುಂಬಲಿ ಎಂದು ಕಾದಿದ್ದರು.

ಸಿಟ್ಟಿಗೆ ಇನ್ನೊಂದು ಕಾರಣವೂ ಇತ್ತು. ಧೂಳಿನ ಚಹಾ ಕುಡಿಯುವಾಗ ಅವನ ಗಂಟಲು ಮೇಲೆ ಕೆಳಗೆ ಆದದ್ದನ್ನು ನಾನು ನೋಡಿದ್ದೆ. ಯಾರೂ ಹೇಳಿಕೊಡದೆ, ನಾನಾಗಿಯೇ ನೋಡಿದ್ದೆ. ನನ್ನದು ಎನ್ನಲು ನನಗೆ ಸಿಕ್ಕಿದ್ದು ಅಷ್ಟೇ ಅಷ್ಟು. ಈಗ ಅದನ್ನೂ ಹಿರಿಯರು ಬಟ್ಟೆಯಲ್ಲಿ ಸುತ್ತಿ, ತಗೋ ಎಂದು ನನ್ನ ಕೈಗೇ ಕೊಡಲು ಹೊರಟಿದ್ದರು.

*

ಗೋಡೆ ನೋಡದೆ ಜಗಳ ಗೆಲ್ಲಲಾಗುವುದಿಲ್ಲ ಎಂದು ಕಾರ್ಖಾನೆಗೆ ಹೋದೆ. ಹೊಸ ಗೋಡೆ ಕಟ್ಟುವುದಕ್ಕಾಗಿ ಕುಲುಮೆಯನ್ನು ನಂದಿಸಿದ್ದರು. ನನಗೆ ಕೊಟ್ಟ ಕೋಟಿನ ತೋಳು ಬೆರಳು ದಾಟಿ ಇಳಿದಿತ್ತು.

"ತೋಳು ಮಡಚಿಕೊಳ್ಳಿ ಅತ್ತಿಗೆ. ಹೀಗೇ ಒಳಗೆ ಬಂದ್ರೆ ಗೋಡೆ ನಿಮ್ಮನ್ನ ನೋಡಿ ನಗುತ್ತೆ."

"ಗೋಡೆ ನಿನ್ನನ್ನ ನೋಡಿ ಅಭ್ಯಾಸ ಆಗಿರುತ್ತೆ ಬಿಡು."

ಕುಲುಮೆಯ ಹೊಟ್ಟೆಯೊಳಗೆ ನಿಂತರೆ ಆಕಾಶ ಒಂದು ತಟ್ಟೆಯಷ್ಟು ಕಾಣುತ್ತದೆ. ಅಲ್ದಿಯಾರ್ ಏಣಿ ಹತ್ತಿ, ಜೇಬಿನಿಂದ ಕಾಗದದಷ್ಟು ತೆಳುವಾದ ಉಕ್ಕಿನ ಪಟ್ಟಿಯೊಂದನ್ನು ತೆಗೆದ. ಮೇಲಿನ ಸಾಲಿನಲ್ಲಿ, ಇಟ್ಟಿಗೆಗೂ ತಾಮ್ರಕ್ಕೂ ನಡುವೆ ತೂರಿಸಿದ. ಹಿಡಿಯವರೆಗೂ ಇಳಿಯಿತು.

"ಹೋಯ್ತಾ?"

"ಹೋಯ್ತು."

"ಪೂರ್ತಿ?"

"ನನಗೂ ಕಣ್ಣಿದೆ."

"ಮತ್ತೆ ಅಂಟಿಕೊಂಡಿದೆ ಅಂತ ಯಾರು ಹೇಳಿದ್ದು? ಬ್ರಹ್ಮಾಂಡದಷ್ಟು ಸಂದು ಇದೆ ಇಲ್ಲಿ!"

"ಈಗ ತಣ್ಣಗಿದೆ! ಕಾದಾಗ ಇಟ್ಟಿಗೆ ಹಿಗ್ಗುತ್ತೆ, ತಾಮ್ರಕ್ಕೆ ಒತ್ತುತ್ತೆ."

"ಎಷ್ಟು ಒತ್ತುತ್ತೆ?"

ಅದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಬದಲು ಅವನ ಕೈಯಿಂದ ಪಟ್ಟಿ ಕಿತ್ತುಕೊಂಡು, ನೆಲಕ್ಕೆ ಮಂಡಿಯೂರಿ, ಕೆಳಗಿನ ಸಾಲಿಗೆ ತೂರಿಸಿದೆ. ಹೋಗಲಿಲ್ಲ. ಇನ್ನೊಂದು ಕಡೆ ತೂರಿಸಿದೆ. ಅಲ್ಲೂ ಹೋಗಲಿಲ್ಲ. ಮೇಲಿನ ಅಷ್ಟೂ ಗೋಡೆಯ ಭಾರ ಅಲ್ಲಿ ಕುಳಿತಿತ್ತು.

"ನಿನ್ನ ಆರು ತಂತಿ ಎಲ್ಲಿ ಹಾಕಿದ್ದೆ?"

ಅವನು ಏಣಿಯ ಮೇಲೆಯೇ ಸ್ವಲ್ಪ ಸಣ್ಣಗಾದ. "ಮೇಲೆ."

"ಆರೂ?"

"ಕೆಳಗೆ ಕೈ ಹೋಗಲ್ಲ ಅತ್ತಿಗೆ."

"ಕೈ ಹೋಗದ ಕಡೆ ಬಾಯಿ ಮಾತ್ರ ಹೋಗುತ್ತೆ, ಅಲ್ವಾ?"

ಅವನು ನಕ್ಕ. ಆ ನಗು ಗೋಡೆಗೆ ಬಡಿದು, ಸುತ್ತು ಹಾಕಿ, ನಮ್ಮಿಬ್ಬರ ಮೇಲೇ ಬಿತ್ತು. ಅಣ್ಣ ಹೋದ ಮೇಲೆ ಅವನು ನಕ್ಕದ್ದನ್ನು ನಾನು ಕೇಳಿರಲಿಲ್ಲ. ಅವನೂ ಕೇಳಿರಲಿಲ್ಲವೇನೋ, ತಟ್ಟನೆ ನಿಲ್ಲಿಸಿದ.

ಏಣಿ ಇಳಿದು ಎದುರು ನಿಂತ. ನನ್ನ ಹುಬ್ಬಿನ ಮೇಲೆ ಏನನ್ನೋ ನೋಡಿದ. ಕೈ ಎತ್ತಿದ. ಹೆಬ್ಬೆರಳು ನನ್ನ ಹುಬ್ಬಿನ ಧೂಳಿಗೆ ತಾಗಿಯೂ ತಾಗದಷ್ಟು ದೂರದಲ್ಲಿ ನಿಂತಿತು. ಅದರ ಬಿಸಿ ನನಗೆ ಗೊತ್ತಾಗುತ್ತಿತ್ತು. ಅವನ ರೆಪ್ಪೆಯ ಮೇಲೂ ಧೂಳಿತ್ತು. ಕಣ್ಣು ಮಿಟುಕಿಸಿದರೆ ಉದುರೀತೆಂದು ಮಿಟುಕಿಸದೆ ನಿಂತಂತಿದ್ದ.

"ಕ್ಷಮಿಸಿ ಅತ್ತಿಗೆ," ಎಂದು ಕೈ ಇಳಿಸಿದ.

ಅತ್ತಿಗೆ ಎಂಬ ಆ ಒಂದು ಪದಕ್ಕೆ ಅವನ ಕೆನ್ನೆಗೆ ಬಾರಿಸಬೇಕೆನಿಸಿತು. ಪಟ್ಟಿಯನ್ನು ಅವನ ಕೈಗೆ ತುರುಕಿ ಹೊರಗೆ ಬಂದೆ.

*

ಬೆಸೆದದ್ದನ್ನು ಬಿಡಿಸಿ, ಮತ್ತೆ ಮೊದಲಿನಿಂದ ಬರೆದೆ. ಇಟ್ಟಿಗೆ ಬೇರೆ, ತಾಮ್ರ ಬೇರೆ. ತಾಗಬಹುದು, ಬಿಡಬಹುದು, ಜಾರಬಹುದು. ಎಷ್ಟು ಒತ್ತಿ ತಾಗುತ್ತವೋ ಅಷ್ಟು ಬಿಸಿ ದಾಟುತ್ತದೆ. ಹೀಗೆ ಬರೆದರೆ ಕಂಪ್ಯೂಟರ್ ಹಟ ಮಾಡುತ್ತದೆ. ಅರ್ಧ ದಾರಿಯಲ್ಲಿ ಕೈಚೆಲ್ಲಿ ಕೂರುತ್ತದೆ. ಅಲ್ದಿಯಾರ್ ದಿನವೂ ಮಧ್ಯಾಹ್ನ ಬಂದು ಅದು ಕೈಚೆಲ್ಲುವುದನ್ನು ನೋಡಿ, ಕಂಪ್ಯೂಟರಿಗೂ ನನಗೂ ಸೇರಿಸಿ ಬೈದು, ನನ್ನ ಡಬ್ಬಿಯ ಉಪ್ಪಿನಲ್ಲಿಟ್ಟ ಸೌತೆಕಾಯಿ ತಿಂದು ಹೋಗುತ್ತಿದ್ದ. ಎರಡು ಸೌತೆಕಾಯಿ ಹೆಚ್ಚಿಗೆ ಹಾಕಿಕೊಂಡು ಹೋಗುವುದು ನನಗೂ ಅಭ್ಯಾಸವಾಯಿತು.

"ಇದೇನಿದು?" ಒಂದು ದಿನ ಪರದೆಯತ್ತ ಬಗ್ಗಿ ಕೇಳಿದ. "ಯಜಮಾನ, ಆಳು ಅಂತ?"

"ತಾಗೋ ಕಡೆ ಒಬ್ಬರನ್ನ ಯಜಮಾನ, ಇನ್ನೊಬ್ಬರನ್ನ ಆಳು ಅಂತ ಕರೀಬೇಕು. ಆಳು ಯಜಮಾನನ ಒಳಗೆ ನುಗ್ಗೋ ಹಾಗಿಲ್ಲ."

"ಯಜಮಾನ ನುಗ್ಗಿದರೆ?"

"ಯಾರೂ ಕೇಳಲ್ಲ."

"ಥೇಟ್ ನಮ್ಮ ದೊಡ್ಡಪ್ಪನ ಮನೆ!" ಎಂದ. "ಇಬ್ಬರನ್ನೂ ಯಜಮಾನರು ಮಾಡೋಕಾಗಲ್ವಾ?"

"ಆಗುತ್ತೆ. ಹೊತ್ತು ಹಿಡಿಯುತ್ತೆ."

"ಹಿಡೀಲಿ ಬಿಡಿ. ನಾವೇನು ರೈಲು ಹತ್ತಬೇಕಾ?"

ಹಾಗೇ ಮಾಡಿದೆ. ಲೆಕ್ಕ ತೆವಳುತ್ತ ಹೋಗಿ, ಎರಡನೆಯ ದಿನ ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋಗಿದ್ದಾಗ ಮುಗಿಯಿತು. ಗೋಡೆಯ ಮೇಲ್ಭಾಗದಲ್ಲಿ ಸಂದು, ಇಟ್ಟಿಗೆ ಕೆಂಪಗೆ. ಕೆಳಭಾಗದಲ್ಲಿ ಒತ್ತಡ, ಇಟ್ಟಿಗೆ ತಣ್ಣಗೆ. ಅವನ ಆರು ಅಂಕೆಗಳೂ ಪರದೆಯ ಮೇಲೆ ತಮ್ಮ ತಮ್ಮ ಜಾಗದಲ್ಲಿ ಬಂದು ಕುಳಿತಿದ್ದವು. ಮೇಲೆ ಅವನು ಸರಿ, ಕೆಳಗೆ ನಾನು ಸರಿ. ಹೊಸ ಗೋಡೆಯಲ್ಲಿ ಮೇಲಿನ ಸಾಲುಗಳನ್ನು ಹೇಗೆ ಒತ್ತಿ ಹಿಡಿಯಬೇಕೆಂದು ಇನ್ನು ಹೇಳಬಹುದಿತ್ತು.

ಅವನು ನನ್ನ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದ. ಅವನ ಉಸಿರು ನನ್ನ ಕತ್ತಿನ ಹಿಂದೆ, ಶಾಲಿನ ಅಂಚಿಗೆ ತಾಗುತ್ತಿತ್ತು. ಇಬ್ಬರೂ ಪರದೆಯನ್ನೇ ನೋಡುತ್ತಿದ್ದೆವು. ಇಬ್ಬರೂ ಪರದೆಯನ್ನು ನೋಡುತ್ತಿರಲಿಲ್ಲ.

ಆ ಹೊತ್ತಿನಲ್ಲಿ ಸುಮ್ಮನಿದ್ದರೆ ಆಗುತ್ತಿತ್ತು. ನನ್ನಿಂದ ಆಗಲಿಲ್ಲ.

"ವರ್ಷದೂಟದ ದಿನ ದೊಡ್ಡಪ್ಪ ಏನು ಕೇಳ್ತಾರೆ ಅಂತ ಗೊತ್ತಾ ನಿನಗೆ?"

ಕುರ್ಚಿಯ ಮೇಲಿನ ಅವನ ಕೈ ಬಿಗಿಯಾಯಿತು. "ಗೊತ್ತು."

"ಯಾವಾಗಿಂದ?"

"ಅಣ್ಣನ್ನ ಮಣ್ಣು ಮಾಡಿದ ದಿನದಿಂದ. ಗುಂಡಿ ಮುಚ್ಚೋ ಮೊದಲೇ ಒಬ್ಬರು ನನ್ನ ಬೆನ್ನು ತಟ್ಟಿ ಹೇಳಿದ್ರು."

"ಮತ್ತೆ ಇಷ್ಟು ದಿನ ಇಲ್ಲಿ ಬಂದು ಕೂತದ್ದು ಅದಕ್ಕಾ? ಮಾಲು ನೋಡ್ಕೊಂಡು ಹೋಗೋಕಾ?"

ಅವನ ಮುಖ ಬಿಳುಪೇರಿತು. "ಏನಂದ್ರಿ?"

"ಕೇಳಿಸ್ತಲ್ಲ."

"ಅಣ್ಣನ ಕೋಟು ಹಾಕ್ಕೊಂಡರೆ ಚಳಿ ಹೋಗುತ್ತೆ ಅಂತ ಅಮ್ಮ ಕೊಟ್ಲು, ಹಾಕ್ಕೊಂಡೆ. ಅದನ್ನ ಹಾಕ್ಕೊಂಡಾಗಲೆಲ್ಲ ಮೈ ಉರಿಯುತ್ತೆ ನನಗೆ. ಅವನ ಇನ್ನೇನನ್ನೂ ಮುಟ್ಟೋ ಆಸೆ ನನಗಿಲ್ಲ. ತಿಳೀತಾ?"

ಹೆಲ್ಮೆಟ್ ಎತ್ತಿಕೊಂಡು ಹೋದ. ಬಾಗಿಲು ಸದ್ದಿಲ್ಲದೆ ಮುಚ್ಚಿತು. ಅವನು ಬಾಗಿಲನ್ನು ಸದ್ದಿಲ್ಲದೆ ಮುಚ್ಚಿದ್ದು ಅದೇ ಮೊದಲು.

ಮುಂದಿನ ಭಾನುವಾರಗಳಲ್ಲಿ ಅವನು ನನ್ನೊಡನೆ ಮೆಲ್ಲಗೆ ಮಾತನಾಡಿದ. "ಉಪ್ಪು ಕೊಡಿ ಅತ್ತಿಗೆ." "ಸಾಕು ಅತ್ತಿಗೆ." ಉಳಿದವರೆಲ್ಲರ ಹಾಗೆ. ಅದನ್ನು ತಡೆದುಕೊಳ್ಳುವುದು ನನ್ನಿಂದಾಗಲಿಲ್ಲ. ಒಂದು ದಿನ ಬೇಕೆಂದೇ ಅವನ ಬಟ್ಟಲಿಗೆ ಹಿಡಿ ಉಪ್ಪು ಸುರಿದೆ. ಒಂದು ಮಾತೂ ಆಡದೆ ಪೂರ್ತಿ ತಿಂದ.

*

ವರ್ಷದೂಟ ದೊಡ್ಡಪ್ಪನ ಹಳ್ಳಿಮನೆಯಲ್ಲಿ ನಡೆಯಿತು. ಪ್ರಾರ್ಥನೆ ಮುಗಿಯಿತು, ಮಾಂಸದ ಹರಿವಾಣಗಳು ಖಾಲಿಯಾದವು, ದೂರದವರು ಎದ್ದು ಹೋದರು. ಹೆಂಗಸರು ನನ್ನ ಕಪ್ಪು ಶಾಲು ತೆಗೆದು ಬಿಳಿಯದನ್ನು ಹೊದಿಸಿದರು. ಮಾವನ ಅಣ್ಣ ಕಾಬ್ದೆನ್ ದೊಡ್ಡಪ್ಪ ಕೆಟ್ಟವರಲ್ಲ. ಕಣ್ಣಲ್ಲಿ ನೀರಿಟ್ಟುಕೊಂಡೇ ಕೇಳಿದರು.

"ಮಗಳೇ, ನಮ್ಮ ನುರ್ಕೆನ್‌ಗೆ ಒಂದು ವರ್ಷ ಮರ್ಯಾದೆಯಿಂದ ಕೂತೆ. ನಮ್ಮ ತಲೆ ಎತ್ತಿಸಿದೆ. ನಿನ್ನನ್ನ ಕಳಿಸೋಕೆ ಯಾರಿಗೂ ಮನಸ್ಸಿಲ್ಲ. ಅಲ್ದಿಯಾರ್ ಇದ್ದಾನೆ, ಒಳ್ಳೆ ಹುಡುಗ. ಒಂದೇ ಒಲೆ, ಒಂದೇ ಮನೆ. ನೀನು ಎಲ್ಲಿಗೂ ಹೋಗಬೇಕಾಗಿಲ್ಲ. ಏನೂ ಬದಲಾಗಲ್ಲ."

ಏನೂ ಬದಲಾಗಲ್ಲ.

ನಾನು ಅಲ್ದಿಯಾರ್‌ನನ್ನು ನೋಡಿದೆ. ಅವನು ಜಮಖಾನೆಯ ಹೂವನ್ನು ನೋಡುತ್ತಿದ್ದ. ಇಡೀ ಕಾರ್ಖಾನೆ ನಡುಗುವಂತೆ ಕೂಗಬಲ್ಲವನು ಅಲ್ಲಿ ತುಟಿ ಬಿಚ್ಚಲಿಲ್ಲ.

"ಇಲ್ಲ," ಎಂದೆ.

ಯಾರೋ ಬಟ್ಟಲು ಕೆಳಗಿಟ್ಟ ಸದ್ದಾಯಿತು.

"ನನಗೆ ಈ ಮನೆಯಲ್ಲಿ ಯಾರೂ ಕೆಟ್ಟದ್ದು ಮಾಡಿಲ್ಲ. ಆದರೆ ಎಲ್ಲಾ ಬದಲಾಗಿದೆ ದೊಡ್ಡಪ್ಪ. ನುರ್ಕೆನ್ ಸತ್ತಿದ್ದಾನೆ. ಏನೂ ಬದಲಾಗಲ್ಲ ಅಂತ ಇನ್ನೊಂದು ಸಲ ಅನ್ನಬೇಡಿ. ನಾನು ಸೆಮೆಯ್‌ಗೆ ಹೋಗ್ತೀನಿ, ನನ್ನ ಅಪ್ಪನ ಮನೆಗೆ."

ಅತ್ತೆ ಮುಖ ಮುಚ್ಚಿಕೊಂಡರು. ನಾನು ಹೊರಗೆ ಬಂದೆ. ಸೌದೆ ರಾಶಿಯ ಹತ್ತಿರ ಅವನು ಓಡಿ ಬಂದು ಅಡ್ಡ ನಿಂತ.

"ಶಾಲು ಸರಿ ಹೊದ್ಕೊಳ್ಳಿ, ಗಾಳಿ ಇದೆ," ಎಂದ. ಮೆಲ್ಲಗೆ.

"ನನ್ನ ಹತ್ತಿರ ಹಾಗೆ ಮಾತಾಡಬೇಡ!" ಕಿರುಚಿದೆ. "ಒಳಗೆ ಬಾಯಿ ಎಲ್ಲಿಟ್ಟಿದ್ದೆ? ಅಷ್ಟು ಜನರ ಮುಂದೆ ನನ್ನೊಬ್ಬಳನ್ನೇ ಬಿಟ್ಟು ಹೂ ಎಣಿಸ್ತಾ ಕೂತಿದ್ಯಲ್ಲ!"

"ನಾನು ಹೂಂ ಅಂದಿದ್ರೆ ಏನಾಗ್ತಿತ್ತು ಗೊತ್ತಾ?" ಅವನ ದನಿಯೂ ಹಳೆಯ ಎತ್ತರಕ್ಕೆ ಹಾರಿತು. "ದೊಡ್ಡಪ್ಪ ಎರಡೂ ಕೈ ಎತ್ತಿ ಆಶೀರ್ವಾದ ಮಾಡಿ ಮುಗಿಸಿಬಿಡ್ತಿದ್ರು. ಇಲ್ಲ ಅಂದಿದ್ರೆ, ಇವಳನ್ನ ಅವನೂ ಬೇಡ ಅಂದ ಅಂತ ಊರೆಲ್ಲಾ ಆಡಿಕೊಳ್ತಿತ್ತು. ಎರಡರಲ್ಲಿ ಯಾವುದು ಅಂದಿದ್ರೂ ನಿನ್ನ ಮಾತಿಗೆ ಜಾಗ ಎಲ್ಲಿತ್ತು? ನಿನಗೆ ಜಾಗ ಬಿಟ್ಟೆ ಕಣೇ!"

ಅವನು ನನ್ನನ್ನು ನೀನು ಎಂದದ್ದು ಇಬ್ಬರಿಗೂ ಒಟ್ಟಿಗೇ ಕೇಳಿಸಿತು.

"ಅಣ್ಣನದೇನೂ ಮುಟ್ಟಲ್ಲ ಅಂದೆ," ನಾನೆಂದೆ.

"ಅಂದೆ. ಈಗಲೂ ಅಂತೀನಿ. ನೀನು ಅಣ್ಣನ ವಸ್ತುವಾಗಿ ನನಗೆ ಬೇಡ. ಆ ಕುಲುಮೆ ಒಳಗೆ ನನ್ನ ಕೈಯಿಂದ ಪಟ್ಟಿ ಕಿತ್ತುಕೊಂಡಳಲ್ಲ, ಅವಳು ಬೇಕು. ಉಪ್ಪು ಸುರಿದಳಲ್ಲ, ಆ ರಾಕ್ಷಸಿ ಬೇಕು. ಹೀಗೆ ಹರಿವಾಣದಲ್ಲಿ ಇಟ್ಟು ಕೊಡೋದು ಬೇಡ. ನಿದ್ದೆ ಬರ್ತಿಲ್ಲ ನನಗೆ. ಅಣ್ಣನ ಗೋರಿ ಮುಂದೆ ನಿಂತು ಅವನಿಗೇ ಬೈದು ಬಂದಿದ್ದೀನಿ, ಯಾಕೋ ಸತ್ತೆ ಅಂತ. ಇನ್ನೇನು ಹೇಳ್ಲಿ!"

ಅವನು ಅಳುತ್ತಿದ್ದ. ಸಿಟ್ಟಿನಲ್ಲಿ, ಮೂಗು ಒರೆಸಿಕೊಳ್ಳದೆ. ನನಗೆ ಅಳು ಬರಲಿಲ್ಲ. ಆ ವರ್ಷವೆಲ್ಲ ಬಂದಿರಲಿಲ್ಲ. ಮಣ್ಣಿನ ದಿನವೂ ಬಂದಿರಲಿಲ್ಲ.

"ಹಾಗಾದ್ರೆ ಬಂದು ಕೇಳು," ಎಂದೆ. "ಅಲ್ಲಿ, ನನ್ನ ಅಪ್ಪನ ಬಾಗಿಲಿಗೆ ಬಂದು. ನನ್ನ ಮುಖ ಎಂದೂ ನೋಡಿಲ್ಲದವರ ಹಾಗೆ. ನಾನು ಏನು ಹೇಳ್ತೀನಿ ಅಂತ ನನಗೂ ಗೊತ್ತಿಲ್ಲ."

"ಬೇಡ ಅಂತಲೂ ಅನ್ನಬಹುದಾ?"

"ಅನ್ನಬಹುದು."

"ಸರಿ," ಎಂದ. "ಅದೇ ನ್ಯಾಯ."

*

ಅಲ್ದಿಯಾರ್ ಮತ್ತು ಅತ್ತೆ ಮೊದಲ ಹಿಮ ಬಿದ್ದ ವಾರ ಬಂದರು. ಅಪ್ಪ ಬಾಗಿಲು ತೆರೆದು, ಇಬ್ಬರನ್ನೂ ಮೇಲಿನಿಂದ ಕೆಳಗಿನವರೆಗೆ ನೋಡಿದರು. ಗುರುತೇ ಇಲ್ಲದವರ ಹಾಗೆ ಮಾತಾಡಿಸಬೇಕೆಂದು ನಾನು ಹೇಳಿಟ್ಟಿದ್ದೆ, ಅಪ್ಪ ಅದನ್ನು ನನಗಿಂತ ಗಂಭೀರವಾಗಿ ಹಚ್ಚಿಕೊಂಡಿದ್ದರು.

"ಯಾರು ನೀವು? ಯಾವ ಕಡೆಯವರು?"

"ಸೈಲಾವ್, ತಮಾಷೆ ಸಾಕು, ಕಾಲು ಮರಗಟ್ಟಿದೆ," ಎಂದರು ಅತ್ತೆ.

"ಗುರುತಿಲ್ಲದವರನ್ನ ಒಳಗೆ ಹೇಗೆ ಬಿಡಲಿ? ನಿಮ್ಮ ಏಳು ತಲೆಮಾರಿನ ಹೆಸರು ಹೇಳಿ."

"ಅಯ್ಯೋ, ನನ್ನ ಬೀಗರೇ, ಮದುವೇಲಿ ಕುಡಿದು ಆ ಏಳು ತಲೆಮಾರನ್ನೂ ಹಾಡು ಕಟ್ಟಿ ಹಾಡಿದವರು ನೀವೇ!"

"ನನಗೆ ನೆನಪಿಲ್ಲ," ಎಂದರು ಅಪ್ಪ.

ಅಲ್ದಿಯಾರ್ ಹೊಸ ಕೋಟು ಹಾಕಿಕೊಂಡಿದ್ದ. ಅಗ್ಗದ್ದು, ತೋಳು ಗಿಡ್ಡ. ಹೊಸ್ತಿಲ ಆಚೆ ಹಿಮದಲ್ಲಿ ನಿಂತು, ಶಾಲೆಯ ಹುಡುಗನಂತೆ, ತನ್ನ ಅಪ್ಪನಿಂದ ಹಿಡಿದು ಏಳೂ ಹೆಸರನ್ನು ಹೇಳಿದ. ಕೊನೆಗೆ, ಯಾರೂ ಕೇಳದಿದ್ದರೂ ಸೇರಿಸಿದ:

"ನನಗೊಬ್ಬ ಅಣ್ಣ ಇದ್ದ. ನುರ್ಕೆನ್ ಅಂತ. ನನಗಿಂತ ಒಳ್ಳೆಯವನು."

ಅಪ್ಪನ ನಾಟಕ ಅಲ್ಲಿಗೆ ಮುಗಿಯಿತು. ಬದಿಗೆ ಸರಿದು ದಾರಿ ಬಿಟ್ಟರು.

ಚಹಾ ಆಯಿತು. ಅಮ್ಮ ಹಿಟ್ಟಿನ ಕೈ ಒರೆಸಿಕೊಂಡು ಬಾಗಿಲಲ್ಲಿ ನಿಂತಳು. ಅತ್ತೆ ಮಡಿಲಿನಿಂದ ಸಣ್ಣ ಬಟ್ಟೆಯ ಗಂಟು ತೆಗೆದರು. ಬೆಳ್ಳಿಯ ಓಲೆಗಳು. ಹೆಣ್ಣು ಕೇಳಲು ಬಂದ ತಾಯಿ, ಹುಡುಗಿ ಒಪ್ಪಿದರೆ, ತನ್ನ ಕೈಯಿಂದಲೇ ತೊಡಿಸಬೇಕು.

"ಮಗಳೇ," ಎಂದರು ಅತ್ತೆ. ಸೊಸೆಯಾಗಿ ಐದು ವರ್ಷ ಅವರೊಡನೆ ಇದ್ದವಳು ನಾನು. ಅವರ ದನಿ ಮಾತ್ರ ನಿಜವಾಗಿಯೂ ಗುರುತಿಲ್ಲದವರೊಡನೆ ಮಾತನಾಡುವಂತೆ ಅಳುಕುತ್ತಿತ್ತು. "ನನಗೆ ಇಬ್ಬರು ಗಂಡುಮಕ್ಕಳು. ಈಗ ಉಳಿದಿರೋದು ಇವನು. ಬಾಯಿ ಜೋರು. ಕೇಳೋಕೆ ಬಂದಿದ್ದೀವಿ. ಕೇಳೋದು ಅಷ್ಟೇ."

ಅಲ್ದಿಯಾರ್ ಈ ಸಲ ಜಮಖಾನೆಯನ್ನು ನೋಡಲಿಲ್ಲ. ನನ್ನನ್ನೇ ನೋಡಿದ. ಬೇಡ ಎಂದರೂ ಹೀಗೇ ನೋಡುತ್ತ ಕೇಳಿಸಿಕೊಳ್ಳುವೆ ಎಂಬಂತೆ.

ನಾನು ಎದ್ದು ಹೋಗಿ ಅತ್ತೆಯ ಮುಂದೆ ಕುಳಿತು, ಕೂದಲು ಸರಿಸಿ, ಬಲಗಿವಿ ಕೊಟ್ಟೆ.

ಓಲೆ ಹೋಗಲಿಲ್ಲ. ನುರ್ಕೆನ್ ಸತ್ತ ದಿನ ನನ್ನ ಓಲೆ ತೆಗೆದಿಟ್ಟವಳು ಮತ್ತೆ ತೊಟ್ಟಿರಲಿಲ್ಲ, ಕಿವಿ ಮುಚ್ಚಿಕೊಂಡಿತ್ತು. ಅತ್ತೆ ಓಲೆಯನ್ನು ತಿರುಗಿಸಿ ಹಿಡಿದರು. ಮತ್ತೊಮ್ಮೆ ಒತ್ತಿದರು. ಚುಚ್ಚಿತು. ಬಿಸಿಯಾಗಿ ಒಂದು ಹನಿ ಕತ್ತಿನ ಕೆಳಗೆ ಇಳಿಯಿತು.

"ಅಯ್ಯೋ, ರಕ್ತ ಬಂತು, ನೋವಾಯ್ತಾ ಮಗಳೇ?"

"ಅಮ್ಮಾ, ಬಿಡಮ್ಮಾ! ನೋಯ್ತಿದೆ ಅವಳಿಗೆ!" ಅಲ್ದಿಯಾರ್ ಎದ್ದು ನಿಂತು ಕೂಗಿದ. ಬಟ್ಟಲುಗಳು ಅದುರಿದವು.

ನೋಯುತ್ತಿತ್ತು. ಕಿವಿಯಲ್ಲಿ ಶುರುವಾದದ್ದು ಗಂಟಲಿಗೆ ಇಳಿಯಿತು, ಎದೆಗೆ ಇಳಿಯಿತು, ಎಲ್ಲೂ ನಿಲ್ಲಲಿಲ್ಲ. ಅತ್ತೆಯ ಮಡಿಲಲ್ಲಿ ಮುಖ ಹುದುಗಿಸಿ ಬಿಕ್ಕಿದೆ. ನುರ್ಕೆನ್ ಹೆಸರು ಹಿಡಿದು, ಅವನನ್ನು ಬೈಯುತ್ತ, ಆ ಹಿಮಗಾಳಿಯನ್ನು ಬೈಯುತ್ತ, ಎಲ್ಲರೆದುರು, ಬಾಯಿಬಿಟ್ಟು ಅತ್ತುಬಿಟ್ಟೆ. ಯಾರೂ ಸಮಾಧಾನ ಮಾಡಲಿಲ್ಲ. ಅಲ್ದಿಯಾರ್ ನೆಲದ ಮೇಲೆ ನನ್ನ ಪಕ್ಕದಲ್ಲಿ, ಮುಟ್ಟದೆ, ಬಂದು ಕುಳಿತ.

"ಸಾಕು, ಇವತ್ತಿಗೆ ಬಿಡೋಣ," ಎಂದರು ಅತ್ತೆ, ನನ್ನ ಕಿವಿ ಒರೆಸುತ್ತ.

ನಾನು ಮುಖ ಎತ್ತಿದೆ. ಇನ್ನೊಂದು ಓಲೆಯನ್ನು ಎತ್ತಿ ಅವರ ಅಂಗೈಯಲ್ಲಿ ಇಟ್ಟೆ. ತಲೆ ತಿರುಗಿಸಿ, ಎಡಗಿವಿ ಕೊಟ್ಟೆ.